ಬಾಂಡ್ಲಿಯಲ್ಲಿ ಮಾಡಿದ ಕುಲುಮೆ: ಸರಳು ಸರಿಯಾಗಿ ಕಾಯುತ್ತಿಲ್ಲ, ತುದಿ ಮಾತ್ರ ಸುಟ್ಟುಹೋಗುತ್ತಿದೆ

ತೋಟದಮನೆ, ತಿಪಟೂರು:

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹತ್ತಿರ ನಮ್ಮದು ನಾಲ್ಕು ಎಕರೆ ತೆಂಗಿನ ತೋಟ. ನಮ್ಮೂರಿನ ಕಮ್ಮಾರರ ಕುಲುಮೆ ನಿಂತು ಆರು ವರ್ಷ ಆಯಿತು. ಈಗ ಮಚ್ಚು ತಟ್ಟಿಸಬೇಕು, ಕುಡುಗೋಲು ಹಣಿಸಬೇಕು ಅಂದರೆ ಹದಿನೆಂಟು ಕಿಲೋಮೀಟರ್ ಹೋಗಬೇಕು. ಅಲ್ಲಿಯೂ ಬೆಂಕಿಗೆ ಹಾಕುವುದಿಲ್ಲ, ಗ್ರೈಂಡರ್ ಹಿಡಿದು ಕೊಟ್ಟು ಕಳಿಸುತ್ತಾರೆ. ಒಂದು ತಿಂಗಳು ಕಳೆಯುವುದರೊಳಗೆ ಬಾಯಿ ಮೊಂಡಾಗಿರುತ್ತದೆ. ಅದಕ್ಕೆ ನಾನೇ ಒಂದು ಚಿಕ್ಕ ಕುಲುಮೆ ಮಾಡಿಕೊಳ್ಳೋಣ ಅಂತ ಹೊರಟೆ. ದುಡ್ಡು ಹಾಕಿ ಏನನ್ನೂ ತರಬಾರದು, ಮನೆಯಲ್ಲಿ ಇರುವುದರಲ್ಲೇ ಆಗಬೇಕು ಅನ್ನುವುದು ನನ್ನ ಲೆಕ್ಕ.

ಮಾಡಿದ್ದು ಹೀಗೆ. ಮನೆ ಕಟ್ಟಿಸುವಾಗ ತಂದಿದ್ದ ಹಳೆಯ ಬಾಂಡ್ಲಿ ಒಂದಿತ್ತು. ತಳಕ್ಕೆ ತೂತು ಕೊರೆದು, ಬೋರ್‌ವೆಲ್ ಕೆಲಸದಲ್ಲಿ ಉಳಿದಿದ್ದ ಒಂದೂಕಾಲು ಇಂಚಿನ ಜಿಐ ಪೈಪನ್ನು ಕೆಳಗಿನಿಂದ ಸೇರಿಸಿದೆ. ಒಳಗೆಲ್ಲ ಒಂದು ಇಂಚು ದಪ್ಪ ಸಿಮೆಂಟು, ಮರಳು ಮೆತ್ತಿದೆ. ಪೈಪಿನ ಇನ್ನೊಂದು ತುದಿಗೆ ತಂಗಿಯ ಹಳೆಯ ಹೇರ್ ಡ್ರೈಯರ್. ಇಸ್ತ್ರಿ ಅಂಗಡಿಯವರು ತರಿಸುವ ಕಡೆಯಿಂದಲೇ ಐದು ಕೆಜಿ ಇದ್ದಿಲು ತಂದೆ.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಹೊತ್ತಿಸಿದೆ. ಅರ್ಧ ಗಂಟೆಗೆ ಸಿಮೆಂಟು ಪಟಾರ್ ಅಂತ ಸಿಡಿದು ಒಂದು ಚೂರು ನನ್ನ ಮೊಣಕೈಗೆ ಬಡಿಯಿತು. ಹತ್ತು ಎಂಎಂ ಸರಳು ಹಾಕಿದ್ದೆ. ಎಷ್ಟು ಹೊತ್ತಾದರೂ ಮಂಕು ಕೆಂಪು ದಾಟಲಿಲ್ಲ. ಇನ್ನೂ ಕಾಯಲಿ ಅಂತ ಗಾಳಿ ಪೂರ್ತಿ ಕೊಟ್ಟು ಬಿಟ್ಟೆ. ಆಮೇಲೆ ತೆಗೆದರೆ ತುದಿಯಿಂದ ಮತಾಪಿನ ಹಾಗೆ ಕಿಡಿ ಹಾರುತ್ತಿದೆ. ಸುತ್ತಿಗೆಯಲ್ಲಿ ಒಂದೇ ಪೆಟ್ಟು ಹಾಕಿದೆ, ಪುಡಿಪುಡಿಯಾಗಿ ಉದುರಿತು. ಅಷ್ಟರಲ್ಲಿ ಡ್ರೈಯರಿನ ಮೂತಿಯೂ ಕರಗಿತ್ತು. ಬಾಂಡ್ಲಿಯೊಳಗೆ ಪೈಪಿನ ಸುತ್ತ ಬಿಳೀ ಹತ್ತಿಯ ಹಾಗೆ ಏನೋ ಕೂತಿತ್ತು. ಅವತ್ತು ರಾತ್ರಿ ನನಗೆ ಚಳಿ ಜ್ವರ ಬಂತು. ಮಾರನೇ ದಿನ ಸಂಜೆಗೆ ತಾನಾಗೇ ಇಳಿಯಿತು. ಬಿಸಿಲಿಗೆ ಇರಬೇಕು ಅಂದುಕೊಂಡೆ.

ಈಗ ನನ್ನ ಪ್ರಶ್ನೆ. ಕಾವು ಸಾಲುತ್ತಿಲ್ಲವಾ? ಕಲ್ಲಿದ್ದಲೇ ಬೇಕಾ? ದೊಡ್ಡ ಬ್ಲೋವರ್ ತರಬೇಕಾ? ಫೈರ್ ಬ್ರಿಕ್ ಇಲ್ಲದೆ ಆಗುವುದಿಲ್ಲವಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಫ್ಯಾಬ್ರಿಕೇಶನ್ ಶೆಡ್, ದಾವಣಗೆರೆ:

ಸರ್, ಬೇರೆ ಮಾತೆಲ್ಲ ಆಮೇಲೆ. ಆ ಜಿಐ ಪೈಪನ್ನು ಇವತ್ತೇ ಕಿತ್ತು ಹಾಕಿ. ನಿಮಗೆ ಬಂದ ಜ್ವರ ಬಿಸಿಲಿನದು ಅಂತ ನನಗೆ ಅನ್ನಿಸುವುದಿಲ್ಲ. ಜಿಐ ಪೈಪಿನ ಮೇಲೆ ಸತುವಿನ ಲೇಪ ಇರುತ್ತದೆ. ಸತು 419 ಡಿಗ್ರಿಗೆ ಕರಗುತ್ತದೆ, 907 ಡಿಗ್ರಿಗೆ ಕುದಿಯುತ್ತದೆ. ಕೆಂಡದ ಕಾವು ಅದಕ್ಕಿಂತ ಜಾಸ್ತಿ. ಆವಿಯಾಗಿ ಹೋದ ಸತುವೇ ನೀವು ಕಂಡ ಆ ಬಿಳೀ ಹತ್ತಿ. ಆ ಹೊಗೆ ಕುಡಿದರೆ ಕೆಲವು ಗಂಟೆ ಬಿಟ್ಟು ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಒಂದು ಥರ ಲೋಹದ ರುಚಿ ಬರುತ್ತದೆ. ಒಂದೆರಡು ದಿನದಲ್ಲಿ ಇಳಿಯುತ್ತದೆ. ವೆಲ್ಡಿಂಗ್ ಮಾಡುವ ನಮ್ಮ ಹುಡುಗರಿಗೆ ಮೊದಮೊದಲು ಜಿಐ ಗೇಟಿನ ಕೆಲಸ ಬಂದಾಗಲೆಲ್ಲ ಇದೇ ಕಥೆ ಆಗುತ್ತಿತ್ತು. ಈಗ ನಾವು ಲೇಪ ಉಜ್ಜಿ ತೆಗೆಯದೆ ಮುಟ್ಟುವುದಿಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎದೆ ಬಿಗಿ, ಉಸಿರಾಟದ ತೊಂದರೆ ಏನಾದರೂ ಇದ್ದರೆ ಡಾಕ್ಟರ ಹತ್ತಿರ ಹೋಗಿ, ಸತುವಿನ ಹೊಗೆ ಕುಡಿದೆ ಅಂತ ಬಾಯಿಬಿಟ್ಟು ಹೇಳಿ. ಪೈಪು ಬೇಕಾದರೆ ಲೇಪ ಇಲ್ಲದ ಕರೀ ಎಂಎಸ್ ಪೈಪು ಹಾಕಿ. ಗುಜರಿಯಲ್ಲಿ ಎರಡು ಅಡಿ ತುಂಡು ಸಿಗುತ್ತದೆ. ಸತುವಿನ ಬಕೆಟ್ಟು, ಸತುವಿನ ತಗಡು ಇವೂ ಬೆಂಕಿಯ ಹತ್ತಿರ ಬೇಡ.

ಕುಲುಮೆ ಮನೆ, ಸಕಲೇಶಪುರ:

ದಾವಣಗೆರೆಯವರು ಹೇಳಿದ್ದು ಸರಿ. ಅದನ್ನು ಮೊದಲು ಮಾಡಿ, ಆಮೇಲೆ ನನ್ನ ಮಾತು ಓದಿ.

ನಮ್ಮ ಅಜ್ಜ, ಅಪ್ಪ ಇಬ್ಬರೂ ಕಮ್ಮಾರರು. ನಾನು ಐಟಿಐ ಓದಿ ಬೇರೆ ಕೆಲಸಕ್ಕೆ ಹೋದೆ. ಆದರೆ ಎಂಟನೇ ವಯಸ್ಸಿನಿಂದ ಕುಲುಮೆಗೆ ಗಾಳಿ ಊದುವ ತಿದಿ ಎಳೆದವನು. ಈಗ ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ವಾರಕ್ಕೆ ಎರಡು ದಿನ ಹಿತ್ತಲ ಕುಲುಮೆಯಲ್ಲಿ ಕೆಂಡ ಮಾಡುತ್ತೇನೆ. ನಿಮ್ಮ ಬರಹ ಓದಿ ತುಂಬಾ ಖುಷಿಯಾಯಿತು. ಒಂದೊಂದೂರಲ್ಲಿ ಒಂದೊಂದು ಕುಲುಮೆ ನಿಲ್ಲುವುದನ್ನೇ ನೋಡುತ್ತಾ ಬಂದವನು ನಾನು. ಹೊಸದಾಗಿ ಒಬ್ಬರು ಹೊತ್ತಿಸಿದ್ದಾರೆ ಅಂತ ಕೇಳಿದ್ದು ಇದೇ ಮೊದಲು.

ದೊಡ್ಡ ಬ್ಲೋವರ್ ಬೇಡ. ಕಲ್ಲಿದ್ದಲು ಬೇಡ. ಫೈರ್ ಬ್ರಿಕ್ಕೂ ಬೇಡ. ನಿಮ್ಮ ಬಾಂಡ್ಲಿಯಲ್ಲಿ ಕಾವು ಬೇಕಾದಷ್ಟು ಇತ್ತು, ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ.

ಯಾಕೆ ಅಂದರೆ ನೀವು ಮಧ್ಯಾಹ್ನ ಅಂಗಳದಲ್ಲಿ ಕೆಲಸ ಮಾಡಿದ್ದೀರಿ. ಕಬ್ಬಿಣದ ಬಣ್ಣ ಬಿಸಿಲಿನಲ್ಲಿ ತಿಳಿಯುವುದಿಲ್ಲ. 600 ಡಿಗ್ರಿ ಕಾದ ಸರಳು ಕತ್ತಲ ಕೋಣೆಯಲ್ಲಿ ಕೆಂಪಗೆ ಕಾಣುತ್ತದೆ, ಅದನ್ನೇ ಬಿಸಿಲಿಗೆ ತಂದರೆ ಕಪ್ಪು ಸರಳು. ಬಿಸಿಲಲ್ಲಿ ನಿಮಗೆ ಮಂಕು ಕೆಂಪು ಕಂಡಾಗ ಅದು ಆಗಲೇ ಬಡಿಯುವ ಹದಕ್ಕೆ ಬಂದಿತ್ತು. ನೀವು ಇನ್ನೂ ಕಾಯಲಿ ಅಂತ ಬಿಟ್ಟಿರಿ, ಅದು ಸುಟ್ಟೇ ಹೋಯಿತು. ಕಿಡಿ ಹಾರಿದ ಮೇಲೆ ಆ ತುದಿ ಮತ್ತೆ ಯಾವ ಕೆಲಸಕ್ಕೂ ಬರುವುದಿಲ್ಲ, ಕತ್ತರಿಸಿ ಬಿಸಾಡಬೇಕು. ನಮ್ಮ ಅಪ್ಪನ ಕೊಟ್ಟಿಗೆಗೆ ಇದ್ದದ್ದು ಒಂದೇ ಚಿಕ್ಕ ಕಿಟಕಿ. ಹೆಂಚಿನ ಮಾಡನ್ನು ಎದೆಮಟ್ಟಕ್ಕೆ ಇಳಿಸಿ ಕಟ್ಟಿದ್ದರು. ಬಗ್ಗಿ ಒಳಗೆ ಹೋಗಬೇಕಿತ್ತು. ಬಡತನಕ್ಕೆ ಹಾಗೆ ಕಟ್ಟಿದ್ದಾರೆ ಅಂತ ಚಿಕ್ಕವನಿದ್ದಾಗ ಅಂದುಕೊಂಡಿದ್ದೆ. ಬಣ್ಣ ಓದುವುದಕ್ಕೆ ಆ ಕತ್ತಲು ಬೇಕು ಅಂತ ನನಗೆ ತಿಳಿದದ್ದು ಸುತ್ತಿಗೆ ಕೈಗೆ ಬಂದ ಮೇಲೆ.

ಹಾಗಾಗಿ ಮೊದಲು ನೆರಳು ಮಾಡಿಕೊಳ್ಳಿ. ಮೂರು ಕಡೆ ತೆರೆದಿರುವ ಚಪ್ಪರದಂಥದ್ದು, ಮೇಲೆ ತಗಡಿನ ಶೀಟು. ತೆಂಗಿನ ಗರಿಯ ಚಪ್ಪರ ಮಾತ್ರ ಬೇಡವೇ ಬೇಡ, ಒಂದು ಕಿಡಿ ಸಾಕು. ಮುಚ್ಚಿದ ಕೋಣೆಯಲ್ಲೂ ಮಾಡಬೇಡಿ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರ ಆದರೆ ತಕ್ಷಣ ಎದ್ದು ಹೊರಗೆ ಬನ್ನಿ.

ಇನ್ನು ಗಾಳಿ. ನೀವು ಕೆಳಗಿನಿಂದ ನೇರವಾಗಿ ಮೇಲಕ್ಕೆ ಊದಿದ್ದೀರಿ. ಬಾಂಡ್ಲಿಯ ಆಳವೇ ನಾಲ್ಕೈದು ಇಂಚು, ಅದರಲ್ಲಿ ಒಂದು ಇಂಚು ಸಿಮೆಂಟು. ಊದಿದ ಗಾಳಿ ಉರಿದು ಮುಗಿಯುವ ಮೊದಲೇ ಸರಳಿಗೆ ಹೋಗಿ ಬಡಿಯುತ್ತದೆ. ಅಪ್ಪ ಇದಕ್ಕೆ ಹಸಿ ಗಾಳಿ ಅನ್ನುತ್ತಿದ್ದರು. ಹಸಿ ಗಾಳಿ ತಾಗಿದ ಕಬ್ಬಿಣದ ಮೇಲೆ ಕರೀ ಪೊರೆ ಏಳುತ್ತದೆ, ಸರಳು ಸವೆಯುತ್ತದೆ, ಜಾಸ್ತಿಯಾದರೆ ಸುಡುತ್ತದೆ. ಗಾಳಿ ಎರಡು ಮೂರು ಇಂಚು ಕೆಂಡದ ನಡುವೆ ಹಾದು ಬಂದರೆ ಅದರ ಆಮ್ಲಜನಕ ಅಲ್ಲೇ ಮುಗಿದಿರುತ್ತದೆ. ಕಾವು ಮಾತ್ರ ಉಳಿಯುತ್ತದೆ. ಸರಳು ಇಡಬೇಕಾದ ಜಾಗ ಅದು. ಅದರ ಕೆಳಗೂ ಕೆಂಡ, ಮೇಲೂ ಕೆಂಡ ಇರಬೇಕು.

ಇದ್ದಿಲಿನಲ್ಲಿ ಕಾವು ಸಾಲುವುದಿಲ್ಲ ಅನ್ನುವ ಅನುಮಾನ ಬಿಡಿ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದಾಗ ಅಷ್ಟು ದೊಡ್ಡ ಊದುಕುಲುಮೆಗೆ ಹಾಕುತ್ತಿದ್ದದ್ದು ನಮ್ಮ ಮಲೆನಾಡಿನ ಕಾಡಿನ ಮರದ ಇದ್ದಿಲನ್ನೇ. ಅದಿರನ್ನೇ ಕರಗಿಸಿದ ಇದ್ದಿಲಿಗೆ ನಿಮ್ಮ ಹತ್ತು ಎಂಎಂ ಸರಳು ಯಾವ ಲೆಕ್ಕ?

ಈಗ ಬಾಂಡ್ಲಿ. ಅದನ್ನು ಬಿಸಾಡಬೇಡಿ. ಸಿಮೆಂಟೆಲ್ಲ ಕೆತ್ತಿ ತೆಗೆಯಿರಿ. ಸಿಮೆಂಟಿನೊಳಗೆ ನೀರು ಕೂತಿರುತ್ತದೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗುತ್ತದೆ, ಹೊರಗೆ ಬರಲು ದಾರಿ ಇಲ್ಲದೆ ಸಿಡಿಯುತ್ತದೆ. ಹೊಳೆ ಕಲ್ಲಿಗೂ ಇದೇ ಗುಣ. ಮೊಣಕೈಗೆ ಬಡಿದದ್ದು ಕಣ್ಣಿಗೆ ಬಡಿಯಬಹುದಿತ್ತು. ತಳದ ತೂತಿಗೆ ಸತುವಿನ ಲೇಪ ಇಲ್ಲದ ಒಂದು ತಗಡು ಮುಚ್ಚಿ. ಪೈಪು ಈ ಸಲ ಪಕ್ಕದಿಂದ ಬರಲಿ.

ಮೆತ್ತುವುದಕ್ಕೆ ಹುತ್ತದ ಮಣ್ಣು. ಗೆದ್ದಲು ಅದನ್ನು ಅಷ್ಟು ನುಣ್ಣಗೆ ಮಾಡಿಟ್ಟಿರುತ್ತದೆ, ಅಂಟೂ ಚೆನ್ನಾಗಿರುತ್ತದೆ. ಪೂಜೆ ಮಾಡುವ ಹುತ್ತ ಮುಟ್ಟಬೇಡಿ. ತೋಟದ ಬದುವಿನಲ್ಲಿ ಹಾಳುಬಿದ್ದದ್ದು, ಮಳೆಗೆ ಕುಸಿದದ್ದು ಇದ್ದೇ ಇರುತ್ತದೆ. ಅದರಲ್ಲಿ ಕೂಡ ಕೈ ಹಾಕಬೇಡಿ, ಹಾವು ಇರಬಹುದು. ಹಾರೆಯಲ್ಲಿ ಕೆಡವಿ, ಒಂದು ದಿನ ಬಿಟ್ಟು ತುಂಬಿಕೊಳ್ಳಿ. ನಾನು ಹಾಕುವ ಲೆಕ್ಕ ಹೀಗೆ: ಹುತ್ತದ ಮಣ್ಣು ಎರಡು ಬುಟ್ಟಿ, ಮರಳು ಒಂದು ಬುಟ್ಟಿ, ಜರಡಿ ಹಿಡಿದ ಒಲೆ ಬೂದಿ ಅರ್ಧ ಬುಟ್ಟಿ, ಭತ್ತದ ಹೊಟ್ಟು ನಾಲ್ಕು ಹಿಡಿ. ನಿಮ್ಮ ಕಡೆ ಹೊಟ್ಟು ಸಿಗದಿದ್ದರೆ ತೆಂಗಿನ ನಾರನ್ನು ಬೆರಳುದ್ದ ಕತ್ತರಿಸಿ ಹಾಕಿ. ನೀರು ಚಿಮುಕಿಸಿ ಕಾಲಲ್ಲಿ ತುಳಿಯಿರಿ. ಬೇಗ ಆಗಲಿ ಅಂತ ನೀರು ಜಾಸ್ತಿ ಹಾಕಬೇಡಿ. ಒಂದು ಕಿತ್ತಳೆ ಗಾತ್ರದ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಕೆಳಗೆ ಬಿಡಿ. ಒಡೆದು ಚೂರಾದರೆ ಒಣಗಿದೆ. ಸಗಣಿ ಹಾಗೆ ಪಚ್ಚಕ್ ಅಂದರೆ ನೀರು ಜಾಸ್ತಿ. ಅಡಿಭಾಗ ಸ್ವಲ್ಪ ಚಪ್ಪಟೆಯಾಗಿ ಉಂಡೆ ಉಂಡೆಯಾಗೇ ನಿಂತರೆ ಹದ ಸರಿ. ರಾತ್ರಿಯಿಡೀ ಒದ್ದೆ ಗೋಣಿಚೀಲ ಮುಚ್ಚಿಟ್ಟು ಬೆಳಿಗ್ಗೆ ಮತ್ತೊಮ್ಮೆ ತುಳಿಯಿರಿ.

ಬಾಂಡ್ಲಿ ತಳಕ್ಕೆ ಎರಡು ಇಂಚು ಗುದ್ದಿ ಕೂರಿಸಿ. ಅಂಚಿನ ಮೇಲೆ ಮಣ್ಣನ್ನೇ ಏರಿಸುತ್ತಾ ಹೋಗಿ, ಬೇಕಾದರೆ ಒಡೆದ ಸುಟ್ಟ ಇಟ್ಟಿಗೆ ಒಳಗೆ ಹುದುಗಿಸಿ. ಒಳಗಿನ ಗುಂಡಿ ತಳದಲ್ಲಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಗಲ, ಮೇಲೆ ಒಂದು ಗೇಣು. ಆಳ ಆರು ಇಂಚಿಗೆ ಕಡಿಮೆ ಬೇಡ. ಪೈಪು ಒಂದು ಇಂಚಿನದು, ತಳದಿಂದ ಎರಡು ಇಂಚು ಮೇಲೆ ಪಕ್ಕದಿಂದ ಬರಬೇಕು. ಅದರ ಬಾಯಿ ಗುಂಡಿಯೊಳಗೆ ಚಾಚಿಕೊಳ್ಳಬಾರದು. ಅರ್ಧ ಇಂಚು ಮಣ್ಣಿನ ಒಳಗೇ ನಿಲ್ಲಲಿ, ಇಲ್ಲದಿದ್ದರೆ ಪೈಪಿನ ತುದಿಯೇ ಸುಡುತ್ತದೆ. ಗುಂಡಿಯ ಎರಡು ಎದುರು ಬದಿಯಲ್ಲಿ ಅಂಚನ್ನು ಕೆತ್ತಿ ದಾರಿ ಮಾಡಿ. ಉದ್ದ ಸರಳು ಅಡ್ಡಲಾಗಿ ಮಲಗಿ, ನಡುವಿನ ಭಾಗವೂ ಕಾಯಬೇಕಲ್ವಾ?

ಇದೆಲ್ಲ ಒಂದು ಬೆಳಗಿನ ಕೆಲಸ. ಒಣಗಿಸುವುದಕ್ಕೆ ಮಾತ್ರ ತಾಳ್ಮೆ ಬೇಕು. ಹತ್ತು ದಿನ ನೆರಳಲ್ಲಿ ಇಡಿ, ಬಿಸಿಲಿಗೆ ಇಟ್ಟರೆ ಮೇಲಷ್ಟೇ ಒಣಗಿ ಸೀಳುತ್ತದೆ. ದಿನಾ ಸಂಜೆ ಹೆಬ್ಬೆರಳಿನಿಂದ ಒಳಗೋಡೆ ಸವರಿ ನೋಡಿ, ಕೂದಲೆಳೆ ಬಿರುಕು ಕಂಡರೆ ಒದ್ದೆ ಬೆರಳಲ್ಲಿ ಅಲ್ಲೇ ಮುಚ್ಚಿ. ಆಮೇಲೆ ಎರಡು ದಿನ ಬರೀ ಪುರಲೆ, ಅಂದರೆ ಸಣ್ಣ ಒಣ ಕಡ್ಡಿ ಹಾಕಿ ಚಿಕ್ಕ ಬೆಂಕಿ ಮಾಡಿ, ಗಾಳಿ ಊದಬೇಡಿ. ಗೋಡೆಯಿಂದ ಆವಿ ಬರುವುದು ನಿಂತ ಮೇಲೆ ಇದ್ದಿಲು.

ಹೇರ್ ಡ್ರೈಯರ್ ಕರಗಿದ್ದು ಯಾಕೆ ಅಂದರೆ ಅದನ್ನು ಪೈಪಿಗೇ ಸಿಕ್ಕಿಸಿ ಇಟ್ಟಿದ್ದಿರಿ. ಊದುವುದು ನಿಂತಾಗ ಕೆಂಡದ ಕಾವು, ಹೊಗೆ ಹಿಂದಕ್ಕೆ ಪೈಪಿನೊಳಗೇ ಬರುತ್ತದೆ. ಪೈಪು ಎರಡೂವರೆ ಅಡಿ ಇರಲಿ. ಡ್ರೈಯರನ್ನು ಪೈಪಿನ ಬಾಯಿಂದ ಎರಡು ಬೆರಳು ದೂರ, ಒಂದು ಇಟ್ಟಿಗೆಯ ಮೇಲೆ ಸುಮ್ನೆ ಇಡಿ. ತಣ್ಣನೆ ಗಾಳಿಯ ಗುಂಡಿ ಒತ್ತಿ. ಕಾವು ಜಾಸ್ತಿ ಅನ್ನಿಸಿದರೆ ಇಟ್ಟಿಗೆಯನ್ನು ಹಿಂದೆ ಸರಿಸಿ, ಕಡಿಮೆ ಅನ್ನಿಸಿದರೆ ಮುಂದೆ ತನ್ನಿ. ನಿಲ್ಲಿಸುವಾಗ ಪೂರ್ತಿ ಪಕ್ಕಕ್ಕೆ ತೆಗೆದುಬಿಡಿ. ಕೈಯಲ್ಲಿ ತಿರುಗಿಸುವ ಬ್ಲೋವರ್ ಹಳೆಯದು ಎಲ್ಲಾದರೂ ಸಿಕ್ಕರೆ ಅದಕ್ಕೆ ಸಮ ಇನ್ನೊಂದಿಲ್ಲ. ಕರೆಂಟು ಹೋದರೂ ನಡೆಯುತ್ತದೆ. ನೀವು ತಿರುಗಿಸುವುದು ನಿಲ್ಲಿಸಿದರೆ ಗಾಳಿಯೂ ನಿಲ್ಲುತ್ತದೆ, ಸರಳು ಮರೆತು ಸುಡುವ ಮಾತೇ ಇಲ್ಲ.

ನಮ್ಮ ಮನೆಯಲ್ಲಿ ಮೇಕೆ ಚರ್ಮದ ಜೋಡಿ ತಿದಿ ಇತ್ತು. ಎರಡು ಕೈಯಲ್ಲಿ ಒಂದಾದ ಮೇಲೊಂದು ಒತ್ತಬೇಕು. ನಾನು ಹುರುಪಿನಲ್ಲಿ ಜೋರಾಗಿ ಒತ್ತಿದರೆ ಅಪ್ಪ ಬೈಯುತ್ತಿರಲಿಲ್ಲ. ಸುತ್ತಿಗೆ ಕೆಳಗಿಟ್ಟು ನನ್ನ ಬೆನ್ನ ಮೇಲೆ ಅಂಗೈ ಇಡುತ್ತಿದ್ದರು. ‘ನೀನು ಮಲಗಿದಾಗ ಹೇಗೆ ಉಸಿರಾಡುತ್ತೀಯೋ ಹಾಗೆ ಒತ್ತು’ ಅನ್ನುತ್ತಿದ್ದರು. ಆ ಅಂಗೈ ಎಷ್ಟು ಒರಟಾಗಿತ್ತು ಅಂದರೆ ಬನಿಯನ್ನಿನ ದಾರ ಅದಕ್ಕೆ ಸಿಕ್ಕಿ ಎಳೆಯುತ್ತಿತ್ತು. ಇವತ್ತಿಗೂ ಗಾಳಿ ಜಾಸ್ತಿಯಾದರೆ ನನಗೆ ಮೊದಲು ಗೊತ್ತಾಗುವುದು ಕಿವಿಗೆ. ಹದವಾದ ಕುಲುಮೆ ಮೆಲ್ಲಗೆ ಗುರುಗುಡುತ್ತದೆ. ಬುಸ್ ಅಂದರೆ, ಕಿಡಿ ಎದ್ದು ಎದ್ದು ಬಂದರೆ, ಇದ್ದಿಲು ಸುಮ್ನೆ ಉರಿದುಹೋಗುತ್ತಿದೆ ಅಂತ ಅರ್ಥ.

ಇದ್ದಿಲಿನ ತುಂಡು ಅಡಿಕೆಯಿಂದ ನಿಂಬೆಹಣ್ಣಿನ ಗಾತ್ರದವರೆಗೆ ಇರಲಿ. ಪುಡಿಯನ್ನು ಜರಡಿಯಲ್ಲಿ ಬೇರೆ ಮಾಡಿ, ಇಲ್ಲದಿದ್ದರೆ ಗಾಳಿ ಕಟ್ಟಿಕೊಳ್ಳುತ್ತದೆ. ಬಳ್ಳಾರಿ ಜಾಲಿಯ ಇದ್ದಿಲು ಒಳ್ಳೆಯದು. ನಿಮ್ಮದಂತೂ ತಿಪಟೂರು, ಚಿಪ್ಪಿಗೆ ಬರವಿಲ್ಲ. ಆದರೆ ಹಸಿ ಚಿಪ್ಪನ್ನು ಹಾಗೇ ಹಾಕಿದರೆ ಎಣ್ಣೆ ಹೊಗೆ, ಕಣ್ಣು ಬಿಡಲು ಆಗುವುದಿಲ್ಲ. ಗುಂಡಿಯಲ್ಲಿ ಹೊತ್ತಿಸಿ, ಹೊಗೆ ತೆಳ್ಳಗಾದ ಮೇಲೆ ತಗಡು ಮುಚ್ಚಿ, ಸುತ್ತ ಮಣ್ಣು ಹಾಕಿ ಇದ್ದಿಲು ಮಾಡಿಕೊಳ್ಳಿ. ಮಾರನೇ ದಿನದವರೆಗೆ ತೆಗೆಯಬೇಡಿ, ಗಾಳಿ ಸೋಕಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಚಿಪ್ಪಿನ ಇದ್ದಿಲು ಗಟ್ಟಿ, ಕಾವು ಜಾಸ್ತಿ. ಮರದ ಇದ್ದಿಲಿನ ಜೊತೆ ಅರ್ಧಕ್ಕರ್ಧ ಬೆರೆಸಿ ನೋಡಿ. ಒಂದು ಡಬ್ಬಕ್ಕೆ ತಳದಲ್ಲಿ ಮೊಳೆಯಿಂದ ತೂತು ಮಾಡಿ ನೀರು ತುಂಬಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಕೆಂಡ ಅಂಚಿಗೆ ಹರಡಿದರೆ ಅಲ್ಲಿಗೆ ಮಾತ್ರ ಚಿಮುಕಿಸಿ. ನಡುವಿನ ಕೆಂಡ ಉಳಿಯುತ್ತದೆ, ಇದ್ದಿಲೂ ಉಳಿಯುತ್ತದೆ.

ಕಾದ ಸರಳು ಇಟ್ಟು ಬಡಿಯುವ ಅಡಿಗಲ್ಲಿಗೆ ಗುಜರಿಯಲ್ಲಿ ಹಿಡಿ ಹೋದ ದೊಡ್ಡ ಸುತ್ತಿಗೆಯ ತಲೆ ಕೇಳಿ, ಕಲ್ಲು ಒಡೆಯುವಂಥದ್ದು. ಹುಣಸೆ ಕೊರಡಿಗೆ ಗುಳಿ ತೋಡಿ ಅರ್ಧ ಹೂತು ಬಿಗಿ ಮಾಡಿ. ನೀವು ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿದರೆ ಗೆಣ್ಣು ಎಲ್ಲಿಗೆ ಬರುತ್ತದೋ ಅಷ್ಟು ಎತ್ತರ ಇರಲಿ. ರೈಲು ಹಳಿಯ ತುಂಡು ಕೊಡುತ್ತೇವೆ ಅಂದರೆ ಬಿಲ್ಲು ಇಲ್ಲದೆ ಮುಟ್ಟಬೇಡಿ. ರೈಲ್ವೆ ಆಸ್ತಿ ಅಕ್ರಮವಾಗಿ ಇಟ್ಟುಕೊಂಡರೆ 1966ರ ಕಾಯ್ದೆಯಲ್ಲಿ ಜೈಲು ಇದೆ. ಇಕ್ಕಳದ ಚಿಂತೆ ಈಗ ಬೇಡ. ಮೊದಲ ಕೆಲಸಗಳಿಗೆ ಎರಡೂವರೆ ಅಡಿ ಸರಳೇ ಹಿಡಿಯಿರಿ, ಇನ್ನೊಂದು ತುದಿ ತಣ್ಣಗೆ ಇರುತ್ತದೆ.

ಹತ್ತಿ ಬಟ್ಟೆ ಹಾಕಿಕೊಳ್ಳಿ. ಪಾಲಿಯೆಸ್ಟರ್ ಲುಂಗಿ, ಟ್ರ್ಯಾಕ್ ಪ್ಯಾಂಟು ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಶೂ ಬೇಕು, ಪ್ಯಾಂಟು ಶೂ ಮೇಲೆ ಇಳಿದಿರಬೇಕು. ಕನ್ನಡಕ ಇಲ್ಲದೆ ಸುತ್ತಿಗೆ ಎತ್ತಬೇಡಿ.

ಮಹಡಿ ಮನೆ, ಮೈಸೂರು:

ಕುಲುಮೆ ಮನೆಯವರೇ, ಪೂರ್ತಿ ಓದಿದೆ, ತುಂಬಾ ಚೆನ್ನಾಗಿ ತಿಳಿಸಿದ್ದೀರಿ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಮಕ್ಕಳಿಗೆ ಒಂದು ಮೊಳೆಯನ್ನು ಕಾಯಿಸಿ ಬಗ್ಗಿಸಿ ತೋರಿಸುವ ಆಸೆ. ನಮ್ಮದು ಮೂವತ್ತು ನಲವತ್ತು ಸೈಟಿನ ಮನೆ, ಅಂಗಳ ಇಲ್ಲ. ಟೆರೇಸಿನ ಮೇಲೆ ಮಾಡಬಹುದಾ? ಯೂಟ್ಯೂಬಿನಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್, ಮರಳು ಕಲಸಿ ಹೂಕುಂಡದಲ್ಲಿ ಮಾಡುವುದನ್ನು ನೋಡಿದೆ. ಅದು ಆಗುತ್ತದಾ?

ಕುಲುಮೆ ಮನೆ, ಸಕಲೇಶಪುರ:

ಮೇಡಂ, ಟೆರೇಸ್ ಬೇಡ. ಕೆಂಡ ಬಿದ್ದರೆ ಕಾಂಕ್ರೀಟು ಹಕ್ಕಳೆಯೆದ್ದು ಸಿಡಿಯುತ್ತದೆ. ಮೇಲೆ ಗಾಳಿ ಜೋರು, ಕಿಡಿ ಪಕ್ಕದ ಮನೆಯ ಬಟ್ಟೆ ಒಣಹಾಕಿದಲ್ಲಿಗೆ ಹೋಗುತ್ತದೆ. ಸಿಂಟೆಕ್ಸು, ವೈರು ಎಲ್ಲ ಅಲ್ಲೇ ಇರುತ್ತದೆ. ಶಾಲೆಯ ಮೈದಾನದಲ್ಲಿ ಮಣ್ಣು ನೆಲ ಇದ್ದರೆ ಅಲ್ಲೇ ಒಂದು ಗೇಣು ಗುಂಡಿ ತೋಡಿ. ಹಳೆಯ ಕುಲುಮೆ ಎಂದರೆ ನೆಲದ ಗುಂಡಿಯೇ ಆಗಿತ್ತು. ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು ಪಕ್ಕದಲ್ಲಿ ಇರಲಿ. ಮಕ್ಕಳು ಹತ್ತು ಅಡಿ ದೂರ ನಿಲ್ಲಲಿ. ಮೊಳೆ ಬದಲು ಎರಡಡಿ ಉದ್ದದ ಆರು ಎಂಎಂ ಸರಳು ತನ್ನಿ. ಮೊಳೆ ಹಿಡಿಯುವುದಕ್ಕೆ ಒಳ್ಳೆ ಇಕ್ಕಳ ಬೇಕು.

ಪ್ಲಾಸ್ಟರ್ ವಿಷಯ: ಒಂದೆರಡು ಸಲ ನಡೆಯುತ್ತದೆ. ಆಮೇಲೆ ಬಿರಿದು ಉದುರುತ್ತದೆ. ಅದರಲ್ಲೂ ನೀರು ಇದೆ, ಚೆನ್ನಾಗಿ ಒಣಗದಿದ್ದರೆ ಸಿಮೆಂಟಿನ ಕಥೆಯೇ. ಉದುರಿದ ಮರಳು ಪುಡಿಯ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಣ್ಣು ಇರುವಾಗ ಅದು ಯಾಕೆ?

ಲೇತ್ ಕೆಲಸ, ಹುಬ್ಬಳ್ಳಿ:

ಬೆಂಕಿಯ ಬಗ್ಗೆ ಹಿರಿಯರು ಹೇಳಿದ್ದಾರೆ. ಕಬ್ಬಿಣದ ಬಗ್ಗೆ ನಾನು ಎರಡು ಮಾತು ಸೇರಿಸುತ್ತೇನೆ, ಯಾಕೆಂದರೆ ತಿಪಟೂರಿನವರು ಮಚ್ಚಿನ ವಿಷಯ ಬರೆದಿದ್ದಾರೆ.

ಕಟ್ಟಡದ ಟಿಎಂಟಿ ಸರಳಿನಿಂದ ಕೊಕ್ಕೆ, ಕೊಂಡಿ, ಗೂಟ ಮಾಡಿಕೊಳ್ಳಿ. ಮಚ್ಚು ಮಾಡಬೇಡಿ. ಅದರಲ್ಲಿ ಇಂಗಾಲ ಕಡಿಮೆ, ಸುಮಾರು ಕಾಲು ಪರ್ಸೆಂಟು. ಎಷ್ಟು ಸಲ ಕಾಯಿಸಿ ನೀರಿಗೆ ಹಾಕಿದರೂ ಬಾಯಿ ನಿಲ್ಲುವಷ್ಟು ಗಟ್ಟಿಯಾಗುವುದಿಲ್ಲ. ಬಾಯಿ ನಿಲ್ಲಬೇಕು ಅಂದರೆ ಲಾರಿಯ ಕಮಾನು ಪಟ್ಟಿ ತನ್ನಿ. ಅದರಲ್ಲಿ ಅರ್ಧ ಪರ್ಸೆಂಟಿಗಿಂತ ಜಾಸ್ತಿ ಇರುತ್ತದೆ. ಹಳೆಯ ಅರದಲ್ಲಿ ಒಂದು ಪರ್ಸೆಂಟಿಗಿಂತ ಮೇಲೆ, ಅದು ಉಳಿಗೆ, ಚಿಕ್ಕ ಚಾಕುವಿಗೆ ಸರಿ. ನಮ್ಮ ಉಕ್ಕು ಅನ್ನುವ ಪದದಿಂದಲೇ ಇಂಗ್ಲಿಷಿನ ವೂಟ್ಜ್ ಅನ್ನುವ ಹೆಸರು ಬಂತು ಅಂತ ಹೇಳುತ್ತಾರೆ. ಲೋಹ ಕರಗಿಸುವ ಮೂಸೆಯಲ್ಲಿ ಕಬ್ಬಿಣಕ್ಕೆ ಇಂಗಾಲ ಸೇರಿಸಿ ಮಾಡುತ್ತಿದ್ದ ಉಕ್ಕು ಅದು. ಇಷ್ಟೆಲ್ಲ ಆಟ ಆ ಒಂದು ಪರ್ಸೆಂಟಿನ ಆಸುಪಾಸಿನಲ್ಲೇ ಇದೆ.

ಗಟ್ಟಿ ಮಾಡುವ ಕಾವು ತಿಳಿಯುವುದಕ್ಕೆ ಹಳೆಯ ಸ್ಪೀಕರಿನ ಅಯಸ್ಕಾಂತ ಸಾಕು. ತಂತಿಗೆ ಕಟ್ಟಿ ನೇತು ಹಾಕಿ. ಕಾದ ಪಟ್ಟಿಯನ್ನು ಹತ್ತಿರ ತನ್ನಿ. 770 ಡಿಗ್ರಿ ಹತ್ತಿರ ಅಯಸ್ಕಾಂತ ಹಿಡಿಯುವುದು ಬಿಡುತ್ತದೆ. ಬಿಟ್ಟ ಮೇಲೆ ಇನ್ನೂ ಒಂದು ಛಾಯೆ ಮೇಲಕ್ಕೆ ಕಾಯಿಸಿ ಎಣ್ಣೆಗೆ ಇಳಿಸಿ. ಕಮಾನು ಪಟ್ಟಿಯನ್ನು ನೀರಿಗೆ ಹಾಕಿದರೆ ಸೀಳಬಹುದು, ಟಣ್ ಅಂತ ಸದ್ದು ಬಂತು ಅಂದರೆ ಮುಗಿಯಿತು. ಕಡಲೆಕಾಯಿ ಎಣ್ಣೆ ಇದ್ದರೂ ಆಗುತ್ತದೆ, ಮುಟ್ಟಿದರೆ ಚೆನ್ನಾಗಿ ಬೆಚ್ಚಗೆ ಅನ್ನಿಸುವಷ್ಟು ಕಾಯಿಸಿಕೊಳ್ಳಿ. ಗಾಡಿಯ ಹಳೆ ಆಯಿಲ್ ಬೇಡ, ಆ ಹೊಗೆ ಕೆಟ್ಟದ್ದು. ಪಾತ್ರೆ ಕಬ್ಬಿಣದ್ದೇ ಇರಲಿ, ಪ್ಲಾಸ್ಟಿಕ್ ಬಕೆಟ್ ಬೇಡ. ಮೇಲೆ ಉರಿ ಏಳುತ್ತದೆ, ಮುಚ್ಚುವುದಕ್ಕೆ ತಗಡಿನ ಮುಚ್ಚಳ ಕೈಗೆಟುಕುವಲ್ಲಿ ಇಡಿ. ಎಣ್ಣೆಗೆ ಬೆಂಕಿ ಬಿದ್ದರೆ ನೀರು ಎರಚಬೇಡಿ.

ಇಷ್ಟಾದಾಗ ಅದು ಗಾಜಿನ ಹಾಗೆ ಇರುತ್ತದೆ, ಕೆಳಗೆ ಬಿದ್ದರೆ ಮುರಿಯುತ್ತದೆ. ಮೇಲಿನ ಕರಿ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯನ್ನು ಕೆಂಡದ ಮೇಲೆ ಮೆಲ್ಲಗೆ ಕಾಯಿಸಿ. ಮೊದಲು ಹುಲ್ಲಿನ ಹಳದಿ ಬರುತ್ತದೆ, ಅದು 220 ರಿಂದ 230 ಡಿಗ್ರಿ. ಆಮೇಲೆ ಕಂದು, ನೇರಳೆ, 290ರ ಮೇಲೆ ನೀಲಿ. ಚಾಕುವಿಗೆ ಬಾಯಿಯಲ್ಲಿ ಹಳದಿ ಸಾಕು. ತೆಂಗಿನ ಗರಿಗೆ ಬೀಸುವ ಮಚ್ಚಿಗೆ ಬಾಯಿಯಲ್ಲಿ ನೇರಳೆ, ಬೆನ್ನಿಗೆ ನೀಲಿ ಬರಲಿ. ಇಲ್ಲದಿದ್ದರೆ ಬಾಯಿಯಿಂದ ಹಕ್ಕಳೆ ಹಾರುತ್ತದೆ.

ತೋಟದಮನೆ, ತಿಪಟೂರು:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಎಲ್ಲರಿಗೂ ಋಣಿ. ಡಾಕ್ಟರಿಗೆ ತೋರಿಸಿದೆ, ಎದೆ ಚೆನ್ನಾಗಿದೆ ಅಂದರು.

ಬದುವಿನ ಹಳೆ ಹುತ್ತದಿಂದ ಎರಡು ಬುಟ್ಟಿ ತಂದೆ. ತುಳಿಯುವುದಕ್ಕೆ ಅಮ್ಮನೂ ಬಂದರು, ಅವರಿಗೆ ಒಲೆ ಹಾಕಿ ಅಭ್ಯಾಸ. ಉಂಡೆ ಬಿಟ್ಟು ನೋಡಿ, ‘ಇನ್ನೊಂದು ಹಿಡಿ ಬೂದಿ ಹಾಕು’ ಅಂದರು. ಹಾಕಿದ ಮೇಲೆ ಸರಿಯಾಗಿ ನಿಂತಿತು. ಗುಜರಿಯಲ್ಲಿ ಕರೀ ಪೈಪು, ಏಳು ಕೆಜಿಯ ಸುತ್ತಿಗೆ ತಲೆ ಎರಡೂ ಸಿಕ್ಕಿತು. ಪಂಪ್‌ಹೌಸಿನ ಪಕ್ಕ ತಗಡಿನ ಮಾಡು ಇಳಿಸಿದೆ.

ನಿನ್ನೆ ಸಂಜೆ ಐದೂವರೆಗೆ ಹೊತ್ತಿಸಿದೆ. ಡ್ರೈಯರನ್ನು ಇಟ್ಟಿಗೆ ಮೇಲೆ ಇಟ್ಟು, ಮೂರು ಬೆರಳು ಹಿಂದೆ ಸರಿಸಿದಾಗ ಆ ಗುರುಗುಡುವ ಸದ್ದು ಕೇಳಿಸಿತು. ಅದಕ್ಕಿಂತ ಹತ್ತಿರ ತಂದರೆ ಬುಸ್ ಅನ್ನುತ್ತಿತ್ತು. ಸರಳು ಹಾಕಿ ನಾಲ್ಕು ನಿಮಿಷಕ್ಕೆ ಎಳೆದರೆ ಹಣ್ಣು ಕಿತ್ತಳೆಯ ಬಣ್ಣ! ನೆರಳಿನಲ್ಲಿ ಅದು ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂದರೆ, ಬೆಂಕಿಯಿಂದ ಹೊರಗೆ ತಂದ ಮೇಲೆ ತುದಿಯಿಂದ ಬಣ್ಣ ಹಿಂದಕ್ಕೆ ಇಳಿಯುತ್ತಾ ಹೋಗುವುದನ್ನೂ ನೋಡಬಹುದು. ಮೊದಲ ಪೆಟ್ಟಿಗೆ ಸರಳಿನ ಮೈ ಮೇಲಿದ್ದ ಏಣುಗೆರೆ ಅಳಿಸಿತು. ಕೈಗೆ ಮೆತ್ತಗೆ ತಾಗಿತು, ಹಸಿ ಮಣ್ಣಿಗೆ ಹೊಡೆದ ಹಾಗೆ. ಕೆಂಪು ಮಂಕಾದ ಮೇಲೆ ಹೊಡೆದರೆ ಮೊಣಕೈಗೆ ಜುಮ್ ಅನ್ನುತ್ತಿತ್ತು, ಆಗ ನಿಲ್ಲಿಸಿ ಮತ್ತೆ ಬೆಂಕಿಗೆ ಹಾಕಿದೆ. ಆರು ಸಲ ಕಾಯಿಸಿದ ಮೇಲೆ ಒಂದು ಕೊಕ್ಕೆ ಆಯಿತು. ತುದಿ ಸ್ವಲ್ಪ ಸೊಟ್ಟ ಇದೆ. ಕೊಟ್ಟಿಗೆಯ ತೊಲೆಗೆ ಹೊಡೆದು ಹಗ್ಗ ನೇತು ಹಾಕಿದ್ದೇನೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಇವತ್ತು ಬೆಳಿಗ್ಗೆ ನೋಡಿದರೆ ಪೈಪಿನ ಬಾಯಿಯ ಮೇಲ್ಗಡೆ ಎರಡು ಬಿರುಕು ಬಂದಿದೆ, ಒಂದಕ್ಕೆ ಬೆಂಕಿಕಡ್ಡಿ ಹೋಗುವಷ್ಟು. ತಳದಲ್ಲಿ ಗಾಜಿನ ಹಾಗೆ ಒಂದು ಕಪ್ಪು ಗಂಟೂ ಕೂತಿದೆ. ಕಿತ್ತು ಹೊಸದಾಗಿ ಮೆತ್ತಬೇಕಾ?

ಕುಲುಮೆ ಮನೆ, ಸಕಲೇಶಪುರ:

ಕೀಳಬೇಡಿ. ಕಾವು ಅತಿ ಜಾಸ್ತಿ ಇರುವ ಜಾಗ ಅದು, ಬಿರಿದೇ ಬಿರಿಯುತ್ತದೆ. ಬಿರುಕನ್ನು ಮೊಳೆಯಿಂದ ಸ್ವಲ್ಪ ಅಗಲ ಮಾಡಿ, ದೂಳು ಊದಿ, ನೀರು ಹಚ್ಚಿ. ಅದೇ ಮಣ್ಣಿಗೆ ಬೂದಿ ಜಾಸ್ತಿ ಸೇರಿಸಿ ದೋಸೆ ಹಿಟ್ಟಿನ ಹಾಗೆ ಮಾಡಿ ತುಂಬಿ. ಎರಡು ದಿನ ಒಣಗಲಿ. ಆಯುಧ ಪೂಜೆಗೆ ಕುಲುಮೆಗೆ ಬೆಂಕಿ ಹಾಕದೆ ಬಿಟ್ಟಾಗ ನಮ್ಮ ಮನೆಯಲ್ಲಿ ಇದನ್ನೇ ಮಾಡುತ್ತಿದ್ದೆವು. ಸಾರಿಸಿ, ಮೆತ್ತಿ, ಅರಿಶಿನ ಕುಂಕುಮ ಇಡುತ್ತಿದ್ದೆವು.

ಕಪ್ಪು ಗಂಟು ಕಿಟ್ಟ. ಬೂದಿ, ಮರಳು, ಕಬ್ಬಿಣದ ಪೊರೆ ಸೇರಿ ಕರಗಿ ಆದದ್ದು. ಪ್ರತಿ ಸಲ ಹೊತ್ತಿಸುವ ಮೊದಲು ತಣ್ಣಗಿರುವಾಗ ತೆಗೆಯಿರಿ, ಇಲ್ಲದಿದ್ದರೆ ಪೈಪಿನ ಬಾಯಿ ಮುಚ್ಚುತ್ತದೆ.

ಕೊಕ್ಕೆಯ ಫೋಟೋ ಹಾಕಿ. ಸೊಟ್ಟ ತುದಿಯನ್ನು ಹತ್ತಿರದಿಂದ ತೆಗೆಯಿರಿ, ಸುತ್ತಿಗೆ ಯಾವ ಕಡೆಯಿಂದ ಬಿದ್ದಿದೆ ಅಂತ ನೋಡಿ ಹೇಳುತ್ತೇನೆ.